ಕೆಮ್ಮದ ಎದೆ

ಸಪ್ತಾಪುರದ ಮೂಲೆಯಂಗಡಿಯಲ್ಲಿ
ಎರಡೆರಡೇ ಮೊಟ್ಟೆ ಕೊಳ್ಳುತ್ತಿದ್ದೆ.
ಮನೆ ಮಾಲಕಿ ನೀಲವ್ವ ಕಂಡರೆ ಕಷ್ಟವೆಂದು
ಹಳೇ ವರದಿಯ ಹಾಳೆಯಲ್ಲಿ ಸುತ್ತಿ, ಟಿಫಿನ್ ಡಬ್ಬಿಯೊಳಗೆ.
ತಿನ್ನಾಕಲ್ರೀ ಅಂದರೆ ನಂಬುವವರು ಯಾರು?
ಕಫ ಮಾಡಾಕ.

ಹಂದಿಯ ಹೊಟ್ಟೆಯ ಒಳಗೋಡೆಯಿಂದ ಕೆರೆದೊಣಗಿಸಿದ ಪುಡಿ,
ಮೀನಿನ ವೀರ್ಯದಿಂದ ತೆಗೆದ ಡಿಎನ್‌ಎ, ಬಿಳಿ ನೂಲಿನ ಹಾಗೆ,
ಉಪ್ಪು ಎರಡು ತರಹ, ಕೊನೆಗೆ ಹಳದಿ ನಾಲ್ಕು ಹನಿ.
ತಿರುವುತ್ತ ಕೂತರೆ ರಾತ್ರಿಯಾಗುವುದರೊಳಗೆ
ಬೆಂಡಿಕಾಯಿ ಹೆಚ್ಚಿದ ಬೆರಳಿನಂತೆ ಎಳೆ ಬಿಡುತ್ತದೆ.
ಉಳಿದ ಬಿಳಿ ಭಾಗ ಕಾವಲಿನ ಯಮನೂರಪ್ಪನಿಗೆ.
ಸ್ಟೋವಿನ ಮೇಲೆ ಹಸಿಮೆಣಸಿನಕಾಯಿ ಹಾಕಿ ಹುರಿಯುತ್ತ
"ಹಳದಿ ಯಾರು ತಿಂದ್ರಿ, ಬಾಯಾರ?" ಅನ್ನುತ್ತಿದ್ದ, ದಿನಾ.

ಮೂವತ್ತೇಳು ಡಿಗ್ರಿಯ ಪೆಟ್ಟಿಗೆಯಲ್ಲಿ
ರೂಪಾಯಿಗಿಂತ ಸಣ್ಣ ಜಾಲರಿಯ ಮೇಲೆ
ಆಫ್ರೀನಳ ಉಸಿರುದಾರಿ.
ಹುಬ್ಬಳ್ಳಿ ದವಾಖಾನಿಯಲ್ಲಿ ಮೂಗಿನೊಳಗೆ ಬ್ರಷ್ ಆಡಿಸಿ
ತಂದ ಕೋಶಗಳು. ಅವಳು ಸೀನಿದ್ದು ನನ್ನ ಕೋಟಿನ ಮೇಲೆ.
ಕೆಳಗೆ ಗುಲಾಬಿ ನೀರು, ಮೇಲೆ ಬರೀ ಗಾಳಿ.
ಮುಳುಗಿಸಿಟ್ಟರೆ ಅವು ಸೋಮಾರಿ;
ಮೇಲಿನ ನೀರು ಹೀರಿ ಗಾಳಿಗೆ ಬಿಟ್ಟಾಗಲೇ
ತಾವು ಯಾರೆಂದು ನೆನಪಾಗುವುದು.
ಇಪ್ಪತ್ತೆಂಟು ದಿನ. ನಡುವೆ ಎರಡು ಸಲ ಕರೆಂಟು ಹೋಗಿ
ಯುಪಿಎಸ್ ಚೀರಿ, ಪೆಟ್ಟಿಗೆಗೆ ಕಂಬಳಿ ಹೊದಿಸಿ ಕೂತೆ.
ಇಪ್ಪತ್ತೊಂಬತ್ತಕ್ಕೆ ಕೂದಲು ಮೂಡಿ
ಅಲೆಯಲೆಯಾಗಿ ಬೀಸತೊಡಗಿದವು,
ಗಂಟಲು ಯಾವ ದಿಕ್ಕಿಗೆಂದು ಗೊತ್ತಿಲ್ಲದೆ.

ಬುಧವಾರ ಮಗಳನ್ನು ಕರಕೊಂಡು ಬಂದರು ದಾವಲಸಾಬ ನದಾಫ.
ಗಾದಿ ಹೊಲಿಯುವವರು, ಹುಬ್ಬಿನ ಮೇಲೆ ಹತ್ತಿಯ ನವಿರು.
ಕೂಸಿನ ಹಣೆಗೆ ಮುತ್ತಿಟ್ಟರೆ ಉಪ್ಪು ಅಂತ
ಹಡೆದ ವಾರದಲ್ಲೇ ತಾಯಿ ಹೇಳಿದ್ದಳಂತೆ,
ಯಾರೂ ಕಿವಿಗೆ ಹಾಕಿಕೊಂಡಿರಲಿಲ್ಲ.
ಬೋರ್ಡಿನ ಮೇಲೆ ಬರೆದು ತೋರಿಸಿದೆ:
ಇದು ಕೆಡದ ವಂಶವಾಹಿ, ಇದು ಅದನ್ನು ಹೊತ್ತ ಎಣ್ಣೆಯ ಗುಳ್ಳೆ,
ಇದು ಕಫ, ಇದು ಕೋಶದ ಬಾಗಿಲು.
ಬಾಗಿಲನ್ನು ಅವರು ನೋಡಲೇ ಇಲ್ಲ.
ಕಫವೆಂದು ನಾನೆಳೆದ ಗೀರುಗಳ ಮೇಲೆ ಬೆರಳಿಟ್ಟು
"ಹಳೀ ಗಾದಿ ಹತ್ತಿ ಇದ್ದಂಗೈತಿ," ಅಂದರು,
"ಗಂಟುಗಟ್ಟಿ ಕುಂತದ್ದು. ಇದರಾಗ ಸೂಜಿ ಹೋಗೂದಿಲ್ರಿ.
ಮೊದಲ ಹಿಂಜಬೇಕು."

ಆಫ್ರೀನ ಸ್ಟೂಲು ಹತ್ತಿ ಮೈಕ್ರೋಸ್ಕೋಪಿಗೆ ಕಣ್ಣಿಟ್ಟಳು.
"ನಂದಾ?"
"ನಿಂದ."
"ಗಾಳಿಗೆ ಹೊಲಾ ಅಲಗ್ಯಾಡಿದಂಗ ಅಲಗ್ಯಾಡ್ತಾವು."
ಆಮೇಲೆ ಕೆಮ್ಮು ಬಂತು ಅವಳಿಗೆ, ಮೇಜಿನ ಗಾಜು ನಡುಗುವಷ್ಟು.
ಮುಗಿಸಿ, ಬಾಯೊರೆಸಿಕೊಂಡು, ಕೇಳಿದಳು:
"ಇದಕ್ಕ ಕೆಮ್ಮು ಬರ್ತೈತೇನು?"

ಬರುವುದಿಲ್ಲ.
ಇದಕ್ಕೆ ಪಕ್ಕೆಲುಬಿಲ್ಲ, ರಾತ್ರಿ ಮೂರು ಗಂಟೆಯಿಲ್ಲ,
ಬೊಗಸೆಗೈ ಮಾಡಿ ಬೆನ್ನು ತಟ್ಟುವ ಅಪ್ಪನಿಲ್ಲ,
ಬೆಂಚಿನಲ್ಲಿ ಸರಿದು ಕೂರುವ ಗೆಳತಿಯಿಲ್ಲ.
ಇಷ್ಟನ್ನೂ ಕಳೆದು ಉಳಿದದ್ದಕ್ಕೆ
ನಾವು ಮಾದರಿ ಎನ್ನುತ್ತೇವೆ.

ಮೊಟ್ಟೆಯ ಕಫ ಸವರಿ ಬಿಟ್ಟಾಗ ಗುಳ್ಳೆಗಳು ದಾಟಿದ್ದವು
ನೂರಕ್ಕೆ ಅರವತ್ತೆರಡು. ಸರ್ ಪೇಢೆ ತರಿಸಿದ್ದರು.
ಅವಳೇ ಡಬ್ಬಿಗೆ ಉಗುಳಿ ಕೊಟ್ಟದ್ದನ್ನು ಸವರಿದೆ ಶುಕ್ರವಾರ.
ನೂರಕ್ಕೆ ಮೂರು.
ಉಳಿದವು ಎಳೆಯೆಳೆಗೂ ಸಿಕ್ಕಿಕೊಂಡು
ಹಸಿರು ಚುಕ್ಕೆಗಳಾಗಿ ಅಲ್ಲೇ ಮಿನುಗಿದವು, ಚಂದ.
ಬರೆಯಬೇಕಾದ್ದು ಚಂದ ಎಂದಲ್ಲ, ಮೂರು ಎಂದು.

ಇವತ್ತು ಭಾನುವಾರ. ಕೋಶಗಳಿಗೆ ವಾರವಿಲ್ಲ.
ಗುಲಾಬಿ ನೀರು ಬದಲಿಸಿದೆ. ಮೇಲೆ ಕಟ್ಟಿಕೊಂಡದ್ದನ್ನು
ಬೆಚ್ಚನೆಯ ಉಪ್ಪುನೀರಿನಲ್ಲಿ ತೊಳೆದೆ,
ಮಂದಿ ಮಗುವಿನ ಮೂಗು ಒರೆಸಿದ ಹಾಗೆ, ಸ್ವಲ್ಪ ಹೆದರುತ್ತ.
ಪುಸ್ತಕದಲ್ಲಿ ಬರೆದೆ: ಮೊದಲು ಹಿಂಜುವ ಮದ್ದು,
ಅರ್ಧ ತಾಸು ಬಿಟ್ಟು ಗುಳ್ಳೆ.
ಸಲಹೆ ಯಾರದು ಎಂಬ ಕಾಲಮ್ಮಿನಲ್ಲಿ
ದಾ. ನದಾಫ, ಗಾದಿ ಅಂಗಡಿ, ಹಳೇ ಹುಬ್ಬಳ್ಳಿ.

ಬಾಗಿಲಲ್ಲಿ ಯಮನೂರಪ್ಪ, ಕೈಯಲ್ಲಿ ಖಾಲಿ ತಾಟು.
"ಇವತ್ತ ತತ್ತಿ ಇಲ್ಲೇನ್ರಿ?"
ಇಲ್ಲ, ಅಂದೆ.
ನಾಳೆಯೂ ಇಲ್ಲ.